ಮನೆಯಲ್ಲೇ ಓದುವ ಮಗಳ ಆನ್‌ಲೈನ್ ಕ್ಲಾಸಿಗೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಬೇಕು. 4 ಜಿಬಿ ಸಾಕಾ?

ಮಗಳಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 10 ವರ್ಷ. ಈ ವರ್ಷದಿಂದ ಅವಳನ್ನು ಮನೆಯಲ್ಲೇ ಓದಿಸುತ್ತಿದ್ದೇವೆ. ಗಣಿತ, ಇಂಗ್ಲಿಷ್, ವಿಜ್ಞಾನ ಮೂರಕ್ಕೂ ಆನ್‌ಲೈನ್ ಕ್ಲಾಸ್. ದಿನಕ್ಕೆ ಹತ್ತಿರ ಹತ್ತಿರ 3 ಗಂಟೆ. ಇಲ್ಲಿಯವರೆಗೆ ನನ್ನ ಫೋನಿನಲ್ಲೇ ನಡೆಯುತ್ತಿತ್ತು. ಟೀಚರ್ ಬೋರ್ಡಿನ ಮೇಲೆ ಬರೆದದ್ದು ಕಾಣಲಿ ಅಂತ ಫೋನನ್ನು ಮೂಗಿನ ಹತ್ತಿರ ಹಿಡಿದುಕೊಳ್ಳುತ್ತಾಳೆ. ಮಧ್ಯದಲ್ಲಿ ನನಗೆ ಯಾರಾದರೂ ಫೋನ್ ಮಾಡಿದರೆ ಅವಳ ಕ್ಲಾಸ್ ಅಲ್ಲಿಗೇ ನಿಲ್ಲುತ್ತದೆ.

ಅದಕ್ಕೇ ಲ್ಯಾಪ್‌ಟಾಪ್ ತೆಗೆದುಕೊಳ್ಳೋಣ ಅಂತ ಹೊರಟೆವು. ಕೈಯಲ್ಲಿರುವ ದುಡ್ಡು ಕಡಿಮೆ. ಅಂಗಡಿಯವರು ಇರುವುದರಲ್ಲೇ ಅಗ್ಗದ್ದನ್ನು ತೋರಿಸಿದರು. ಹೊಸದು, ತೆಳ್ಳಗಿದೆ, ಬಣ್ಣವೂ ಚೆನ್ನಾಗಿದೆ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಸೆಲೆರಾನ್ ಎನ್4020 ಪ್ರೊಸೆಸರ್. "ಮಕ್ಕಳ ಕ್ಲಾಸಿಗೆ ಇಷ್ಟು ಧಾರಾಳ" ಅಂದರು. ಮಗಳಿಗೂ ಇಷ್ಟವಾಗಿದೆ. ನಾಳೆ ನಾಡಿದ್ದರಲ್ಲಿ ತರಬೇಕು ಅಂದುಕೊಂಡಿದ್ದೇವೆ. ನಿಜವಾಗಿ ಇಷ್ಟು ಸಾಕಾಗುತ್ತದಾ? ನನಗೆ ಕಂಪ್ಯೂಟರ್ ಬಗ್ಗೆ ಜಾಸ್ತಿ ಗೊತ್ತಿಲ್ಲ. ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ರಿಪೇರಿ ಮೇಜು
ಬೇಡ. ದಯವಿಟ್ಟು ಅದನ್ನು ತರಬೇಡಿ.

ಮಳೆಹನಿ
ಯಾಕೆ ಬೇಡ ಅಂತಲೂ ಹೇಳಿ ಸರ್. ಅವರು ಬಿಡಿಸಿ ಹೇಳಿ ಅಂತ ತಾನೇ ಕೇಳಿದ್ದು?

ರಿಪೇರಿ ಮೇಜು
ಹೇಳುತ್ತೇನೆ. ಕೆಲಸದ ನಡುವೆ ಅವಸರದಲ್ಲಿ ಬರೆದಿದ್ದೆ, ನಾಳೆಯೇ ತಂದುಬಿಡುತ್ತಾರೇನೋ ಅನ್ನುವ ಆತಂಕಕ್ಕೆ.

ರ‍್ಯಾಮ್ ಅಂದರೆ ತೆರೆದಿರುವ ಕೆಲಸಗಳನ್ನು ಯಂತ್ರ ಆ ಕ್ಷಣಕ್ಕೆ ಇಟ್ಟುಕೊಳ್ಳುವ ಜಾಗ, ಸ್ಟೋರೇಜ್ ಅಂದರೆ ಫೈಲುಗಳು ಉಳಿಯುವ ಜಾಗ. ವಿಂಡೋಸ್ 11 ನಡೆಯಲು ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಅಳತೆಯೇ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಅಂದರೆ ಆ ಲ್ಯಾಪ್‌ಟಾಪ್ ವಿಂಡೋಸನ್ನು ಹೇಗೋ ಹೊತ್ತು ನಿಲ್ಲುತ್ತದೆ, ಅಷ್ಟೇ. ಅದರ ಮೇಲೆ ವಿಡಿಯೊ ಕ್ಲಾಸ್, ಬ್ರೌಸರಿನಲ್ಲಿ ನಾಲ್ಕು ಟ್ಯಾಬ್, ಒಂದು ಪಿಡಿಎಫ್ ತೆರೆದರೆ ರ‍್ಯಾಮ್ ತುಂಬಿಹೋಗುತ್ತದೆ. ಆಮೇಲೆ ಅದು ಸ್ಟೋರೇಜನ್ನೇ ರ‍್ಯಾಮಿನ ಹಾಗೆ ಬಳಸಲು ಹೊರಡುತ್ತದೆ. ಈ ಅಗ್ಗದ ಯಂತ್ರಗಳಲ್ಲಿ ಇರುವ ಸ್ಟೋರೇಜ್ ಇಎಂಎಂಸಿ ಅನ್ನುವ ಜಾತಿಯದ್ದು, ಎಸ್‌ಎಸ್‌ಡಿ ಅನ್ನುವ ವೇಗದ ಸ್ಟೋರೇಜಿಗಿಂತ ಬಹಳ ನಿಧಾನ. ಮೌಸ್ ಅಲ್ಲಾಡುವುದಿಲ್ಲ, ಟೀಚರ್ ಧ್ವನಿ ತುಂಡಾಗುತ್ತದೆ, ಮಗು ಬಟನ್ ಒತ್ತುತ್ತಲೇ ಕೂತಿರುತ್ತದೆ.

ಇನ್ನೊಂದು ವಿಷಯ. ಇಂಥವುಗಳಲ್ಲಿ ಸಾಮಾನ್ಯವಾಗಿ ರ‍್ಯಾಮ್ ಮತ್ತು ಸ್ಟೋರೇಜ್ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. "ಆಮೇಲೆ ಜಾಸ್ತಿ ಮಾಡಿಸಿಕೊಳ್ಳೋಣ" ಅನ್ನುವ ಹಾಗಿಲ್ಲ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ 64 ಜಿಬಿಯಲ್ಲಿ ಜಾಗವೇ ಸಾಲುವುದಿಲ್ಲ. "ಏನೂ ಹಾಕಿಲ್ಲ, ಆದರೂ ತುಂಬಿದೆ" ಅಂತ ನನ್ನ ಹತ್ತಿರ ತರುವವರು ಎಷ್ಟೋ ಮಂದಿ. ನನ್ನಿಂದ ಏನೂ ಮಾಡಲಾಗುವುದಿಲ್ಲ. ವಾಪಸ್ ಕಳಿಸುವಾಗ ಬೇಜಾರಾಗುತ್ತದೆ.

8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಇದಕ್ಕಿಂತ ಕೆಳಗೆ ಇಳಿಯಬೇಡಿ. ಬಣ್ಣ, ತೂಕ, ಕಂಪನಿ ಎಲ್ಲ ಇದರ ನಂತರ.

ಪರದೆಯ ಆಚೆ ಟೀಚರ್
ನಾನು ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತೇನೆ. ರಿಪೇರಿ ಮೇಜು ಅವರ ಮಾತಿಗೆ ನನ್ನ ಕಡೆಯಿಂದ ಒಂದನ್ನು ಸೇರಿಸಬೇಕು.

ಯಾವ ಮಗುವಿನ ಲ್ಯಾಪ್‌ಟಾಪ್ ನಿಧಾನ ಅನ್ನುವುದು ನನಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಪ್ರಶ್ನೆ ಕೇಳುತ್ತೇನೆ. ಆ ಮಗು ಅನ್‌ಮ್ಯೂಟ್ ಒತ್ತಿ, ಅದು ತೆರೆದುಕೊಳ್ಳುವಷ್ಟರಲ್ಲಿ ಬೇರೆಯವರು ಉತ್ತರ ಹೇಳಿ ಮುಗಿಸಿರುತ್ತಾರೆ. ಮೊದಲ ವಾರ ಪ್ರಯತ್ನ ಮಾಡುತ್ತದೆ. ಎರಡನೇ ವಾರ ಕಡಿಮೆ ಮಾಡುತ್ತದೆ. ಮೂರನೇ ವಾರ ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಕೂತುಬಿಡುತ್ತದೆ. ಅಪ್ಪ ಅಮ್ಮ ಬಂದು "ಇವನಿಗೆ ಆಸಕ್ತಿಯೇ ಇಲ್ಲ ಮೇಡಂ" ಅನ್ನುತ್ತಾರೆ. ಆಸಕ್ತಿ ಇತ್ತು. ಯಂತ್ರ ಅದನ್ನು ಸುಸ್ತು ಮಾಡಿತು.

ಮನೆಯಲ್ಲೇ ಓದುವ ಮಕ್ಕಳಿಗೆ ಇದು ಇನ್ನೂ ಮುಖ್ಯ. ಶಾಲೆಗೆ ಹೋಗುವ ಮಗುವಿಗೆ ಪಕ್ಕದಲ್ಲಿ ಕೂರುವ ಗೆಳೆಯರಿರುತ್ತಾರೆ. ಇವರಲ್ಲಿ ಕೆಲವರಿಗೆ ಬೇರೆ ಮಕ್ಕಳ ಜೊತೆ ಮಾತಾಡುವ ಜಾಗವೇ ಆ ಕ್ಲಾಸ್.

ಮಗಳಮ್ಮ
ಟೀಚರ್, ಇದನ್ನು ಓದಿ ಒಂದು ಕ್ಷಣ ಸುಮ್ಮನಾದೆ. ನನ್ನ ಮಗಳೂ ಈಚೆಗೆ ಕ್ಲಾಸಿನಲ್ಲಿ ಮಾತಾಡುವುದಿಲ್ಲ. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ.

8 ಜಿಬಿ, 256 ಎಸ್‌ಎಸ್‌ಡಿ ಇರುವ ಹೊಸದನ್ನು ನೋಡಿದೆ. ನಮ್ಮ ಕೈಗೆ ಎಟುಕುವುದಿಲ್ಲ. ಹತ್ತಿರ ಹತ್ತಿರ ಎರಡರಷ್ಟು ಆಗುತ್ತದೆ. ಹಳೆಯದು ತೆಗೆದುಕೊಂಡರೆ ಹೇಗೆ?

ಮೂರು ಮಕ್ಕಳ ಅಪ್ಪ
ಹಳೆಯದು ಬೇಡ. ನಾನು ಒಮ್ಮೆ ಮೋಸ ಹೋಗಿದ್ದೇನೆ.

ದೊಡ್ಡ ಮಗನಿಗೆ ಒಬ್ಬರ ಹತ್ತಿರ ಹಳೆಯ ಆಫೀಸ್ ಲ್ಯಾಪ್‌ಟಾಪ್ ತೆಗೆದುಕೊಂಡೆ. ನೋಡಲು ಹೊಸದರ ಹಾಗೇ ಇತ್ತು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಏನೋ ತೊಂದರೆ ಆಯಿತು ಅಂತ ರಿಸೆಟ್ ಮಾಡಿದೆ. ಇಂಟರ್ನೆಟ್ ಸಿಕ್ಕಿದ ತಕ್ಷಣ ಯಾವುದೋ ಕಂಪನಿಯ ಹೆಸರು ಬಂದು, ಅವರ ಆಫೀಸ್ ಈಮೇಲ್, ಪಾಸ್‌ವರ್ಡ್ ಕೇಳಿತು. ಮುಂದಕ್ಕೆ ಹೋಗಲೇ ಇಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಮಗನಿಗೆ ಆ ವಾರವೇ ಪರೀಕ್ಷೆ ಇತ್ತು. ದುಡ್ಡು ಹೋದದ್ದಕ್ಕಿಂತ ಅವನ ಮುಖ ನೋಡುವುದು ಕಷ್ಟವಾಯಿತು.

ಆಮೇಲೆ ಮೂವರಿಗೂ ಹೊಸದೇ. ಒಂದು ವರ್ಷ ವಾರಂಟಿ ಇರುತ್ತದೆ, ಕೇಳಲು ಒಬ್ಬರು ಇರುತ್ತಾರೆ. ಸಾಲದಿದ್ದರೆ ಇನ್ನೆರಡು ತಿಂಗಳು ಕಾಯಿರಿ, ಹೊಸದನ್ನೇ ತನ್ನಿ.

ರಿಪೇರಿ ಮೇಜು
ಅಣ್ಣ, ನಿಮಗಾದದ್ದು ನಿಜವಾಗಿ ಅನ್ಯಾಯ. ಆದರೆ ಅದು ಹಳೆಯ ಲ್ಯಾಪ್‌ಟಾಪಿನ ತಪ್ಪಲ್ಲ. ಆ ಕಂಪನಿ ತನ್ನ ಪಟ್ಟಿಯಿಂದ ಆ ಯಂತ್ರವನ್ನು ತೆಗೆದುಹಾಕದೇ ಹೊರಗೆ ಬಿಟ್ಟಿದೆ. ದೊಡ್ಡ ಆಫೀಸುಗಳು ಆಟೋಪೈಲಟ್ ಅನ್ನುವ ವ್ಯವಸ್ಥೆಯಲ್ಲಿ ತಮ್ಮ ಯಂತ್ರಗಳನ್ನು ನೋಂದಾಯಿಸಿರುತ್ತವೆ. ಅದನ್ನು ತೆಗೆಯದೇ ಇದ್ದರೆ ಹೀಗಾಗುತ್ತದೆ.

ತೆಗೆದುಕೊಳ್ಳುವ ಮೊದಲೇ ಇದನ್ನು ಪತ್ತೆ ಹಚ್ಚಬಹುದು. ಮಾರುವವರ ಎದುರಿಗೇ ಪೂರ್ತಿ ರಿಸೆಟ್ ಮಾಡಿಸಿ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು, ಮೊದಲ ಸೆಟಪ್ಪನ್ನು ಇಂಟರ್ನೆಟ್ ಇಟ್ಟುಕೊಂಡೇ ಮುಗಿಸಿ. ಯಾವ ಕಂಪನಿಯ ಹೆಸರೂ ಬರಬಾರದು. ಅರ್ಧ ಮುಕ್ಕಾಲು ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಕಾಯಲು ಒಪ್ಪದವರ ಹತ್ತಿರ ತೆಗೆದುಕೊಳ್ಳಬೇಡಿ.

ಬಯಾಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್) ಒಳಗೂ ಹೋಗಿ ನೋಡಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಅದನ್ನೂ ಬಿಟ್ಟುಬಿಡಿ.

ಮೂರು ಮಕ್ಕಳ ಅಪ್ಪ
ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಉಳಿಯುತ್ತಿದ್ದೆ. ಆದರೂ ಕಂಪ್ಯೂಟರ್ ಗೊತ್ತಿಲ್ಲದ ಅಮ್ಮಂದಿರಿಗೆ ಬಯಾಸ್ ಒಳಗೆ ಹೋಗಿ ಅಂದರೆ ಹೇಗೆ?

ರಿಪೇರಿ ಮೇಜು
ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಅದು ಸರಿಯಾದ ಮಾತು, ಒಪ್ಪುತ್ತೇನೆ.

ಲಿನಕ್ಸ್ ತಮ್ಮ
ಅಕ್ಕ, ಹಳೆಯದರಲ್ಲಿ ಆಫೀಸಿಗಾಗಿ ಮಾಡಿದ ಸಾಲಿನದ್ದನ್ನೇ ಹುಡುಕಿ. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೀಟ್‌ಬುಕ್ 840 ಜಿ5, ಈ ಥರದವು. ಮೂರೂ 2018ರ ಸುಮಾರಿನವು. ಕೀಬೋರ್ಡ್ ಗಟ್ಟಿ, ಹಿಂಜ್ ಗಟ್ಟಿ. ರ‍್ಯಾಮಿಗೆ ಎರಡು ಸ್ಲಾಟ್ ಇರುತ್ತವೆ, ಎಸ್‌ಎಸ್‌ಡಿ ಬದಲಾಯಿಸಬಹುದು. ಈಗ 8 ಜಿಬಿಯದ್ದು ತಂದು, ಮುಂದೆ ಬೇಕಾದರೆ 16 ಮಾಡಿಕೊಳ್ಳಬಹುದು.

ಪ್ರೊಸೆಸರ್ ಇಂಟೆಲ್ ಐ5 ಇದ್ದರೆ ಸಾಕು, ಯಾವುದಾದರೂ ಆಗುತ್ತದೆ.

ಇಬ್ಬನಿ
"ಐ5 ಇದ್ದರೆ ಸಾಕು" ಅನ್ನುವುದು ತಪ್ಪು. ಎಷ್ಟನೇ ತಲೆಮಾರಿನ ಐ5 ಅಂತ ನೋಡಬೇಕು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರಿನಿಂದ ಮೇಲಿನವು ಬೇಕು, 7ನೇದರಲ್ಲಿ ಕೆಲವೇ ಕೆಲವಕ್ಕೆ ಒಪ್ಪಿಗೆ ಇದೆ. ಐ5-8350ಯು ಅಂತ ಇದ್ದರೆ ಮೊದಲ 8 ತಲೆಮಾರನ್ನು ಹೇಳುತ್ತದೆ. ಐ5-6300ಯು ಅಂತ ಇದ್ದರೆ 6ನೇದು, ಬೇಡ. ಟಿ480 ಸರಿ, ಅದರ ಹಿಂದಿನ ಟಿ470 ಬೇಡ.

ಇನ್ನೂ ಒಂದು. 7ನೇ ತಲೆಮಾರಿನ ಲ್ಯಾಪ್‌ಟಾಪ್ ಐ5ಗಳಲ್ಲಿ ಬಹುಪಾಲಿಗೆ 2 ಕೋರ್ (ಪ್ರೊಸೆಸರಿನ ಒಳಗೆ ಏಕಕಾಲಕ್ಕೆ ಕೆಲಸ ಮಾಡುವ ಭಾಗಗಳು). 8ನೇದರಲ್ಲಿ 8250ಯು, 8350ಯು ಎರಡಕ್ಕೂ 4 ಕೋರ್. ವಿಡಿಯೊ ಕ್ಲಾಸಿನಲ್ಲಿ ಆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಲಿನಕ್ಸ್ ತಮ್ಮ
ಹೌದು, ತಿದ್ದಿದ್ದಕ್ಕೆ ಥ್ಯಾಂಕ್ಸ್. ನಾನು ವಿಂಡೋಸ್ ಬದಲು ಲಿನಕ್ಸ್ ಬಳಸುವವನು, ವಿಂಡೋಸ್ ನಿಯಮ ಮರೆತೇಹೋಗಿತ್ತು.

ಸಂಜೆಮಲ್ಲಿಗೆ
ವಿಂಡೋಸ್ 11 ಯಾಕೆ ಬೇಕು? ನಮ್ಮ ಮನೆಯಲ್ಲಿ ಇನ್ನೂ 10 ಇದೆ. ಆರಾಮಾಗಿ ನಡೆಯುತ್ತಿದೆ ಅಲ್ವಾ?

ಇಬ್ಬನಿ
ನಡೆಯುತ್ತದೆ, ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತೆಯ ಅಪ್‌ಡೇಟುಗಳನ್ನು ಮುಂದುವರಿಸಲು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು, ಅದೂ ಶಾಶ್ವತವಲ್ಲ. ಮಗು ದಿನಾ ಇಂಟರ್ನೆಟ್ಟಿಗೆ ಹೋಗುವ ಯಂತ್ರ. ಹೊಸದಾಗಿ ದುಡ್ಡು ಹಾಕುವವರು ಅದನ್ನು ತೆಗೆದುಕೊಳ್ಳುವುದು ಬೇಡ.

ಲಿನಕ್ಸ್ ತಮ್ಮ
ಅಥವಾ ಹಳೆಯದಕ್ಕೆ ಲಿನಕ್ಸ್ ಮಿಂಟ್ ಹಾಕಿ. ಉಚಿತ, ಹಗುರ. ಜೂಮ್ ಇದೆ, ಫೈರ್‌ಫಾಕ್ಸ್, ಕ್ರೋಮ್ ಇವೆ, ಲಿಬ್ರೆಆಫೀಸ್ ಇದೆ. ನನ್ನ ತಂಗಿ ಎರಡು ವರ್ಷದಿಂದ ಅದರಲ್ಲೇ ಓದುತ್ತಿದ್ದಾಳೆ.

ಪರದೆಯ ಆಚೆ ಟೀಚರ್
ತಮ್ಮ, ಒಂದು ಎಚ್ಚರಿಕೆ. ಆನ್‌ಲೈನ್ ಪರೀಕ್ಷೆಗೆ ಕೆಲವು ಕಡೆ ಬೇರೆಯದೇ ಬ್ರೌಸರ್ ಹಾಕಿಕೊಳ್ಳಲು ಹೇಳುತ್ತಾರೆ. ಸೇಫ್ ಎಕ್ಸಾಮ್ ಬ್ರೌಸರ್ ಅಂತ ಒಂದಿದೆ, ಅದು ವಿಂಡೋಸ್ ಮತ್ತು ಆಪಲ್ ಯಂತ್ರಗಳಿಗೆ ಮಾತ್ರ. ಲಿನಕ್ಸಿನಲ್ಲಿ ಇಲ್ಲ. ಕ್ಲಾಸ್ ನಡೆಸುವವರನ್ನು ಮೊದಲೇ ಕೇಳಿಕೊಳ್ಳಿ. ಪರೀಕ್ಷೆಯ ದಿನ ಬೆಳಿಗ್ಗೆ ಇದು ಗೊತ್ತಾದರೆ ಮಗು ಅಳುತ್ತದೆ, ನಾನು ನೋಡಿದ್ದೇನೆ.

ನೀಲಿ ಕೊಡೆ
ಕ್ರೋಮ್‌ಬುಕ್ ಬಗ್ಗೆ ಯಾರೂ ಹೇಳಲೇ ಇಲ್ಲ! ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಲ್ಯಾಪ್‌ಟಾಪ್ ಅದು. ಅದೇ 4 ಜಿಬಿ ರ‍್ಯಾಮ್ ಕ್ರೋಮ್‌ಬುಕ್ಕಿನಲ್ಲಿ ವಿಂಡೋಸಿಗಿಂತ ಚೆನ್ನಾಗಿ ನಡೆಯುತ್ತದೆ. ಬೇಗ ಆನ್ ಆಗುತ್ತದೆ, ವೈರಸ್ ಚಿಂತೆ ಕಡಿಮೆ, ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಫ್ಯಾಮಿಲಿ ಲಿಂಕ್ ಹಾಕಿ ಎಷ್ಟು ಹೊತ್ತು ಬಳಸಬಹುದು ಅಂತ ನಾವೇ ಹೇಳಬಹುದು. ಇಬ್ಬರು ಮಕ್ಕಳಿಗೂ ಅದನ್ನೇ ಕೊಟ್ಟಿದ್ದೇನೆ. ಸ್ಕ್ರ್ಯಾಚ್, ಜಿಯೋಜೀಬ್ರಾ, ಫೆಟ್‌ನ ವಿಜ್ಞಾನದ ಪ್ರಯೋಗಗಳು, ಖಾನ್ ಅಕಾಡೆಮಿ ಎಲ್ಲವೂ ಬ್ರೌಸರಿನಲ್ಲೇ ನಡೆಯುತ್ತವೆ. 10 ವರ್ಷದ ಮಗುವಿಗೆ ಇನ್ನೇನು ಬೇಕು?

ಇಬ್ಬನಿ
ಒಳ್ಳೆಯ ಸಲಹೆ. ಆದರೆ ತೆಗೆದುಕೊಳ್ಳುವಾಗ ಅಪ್‌ಡೇಟ್ ಯಾವಾಗ ನಿಲ್ಲುತ್ತದೆ ಅಂತ ನೋಡಲೇಬೇಕು. 2021ರಿಂದ ಈಚೆಗೆ ಬಂದ ಕ್ರೋಮ್‌ಬುಕ್ಕುಗಳಿಗೆ ಗೂಗಲ್ 10 ವರ್ಷ ಅಪ್‌ಡೇಟ್ ಕೊಡುತ್ತದೆ. ಆ 10 ವರ್ಷವನ್ನು ನಾವು ಕೊಂಡ ದಿನದಿಂದ ಎಣಿಸುವುದಿಲ್ಲ, ಆ ಯಂತ್ರದ ಒಳಗಿನ ಮೂಲ ವಿನ್ಯಾಸ (ಪ್ಲಾಟ್‌ಫಾರ್ಮ್) ಮೊದಲು ಮಾರುಕಟ್ಟೆಗೆ ಬಂದಾಗಿನಿಂದ ಎಣಿಸುತ್ತಾರೆ. ಅಂಗಡಿಯಲ್ಲಿ ಹೊಸ ಡಬ್ಬಿಯಲ್ಲಿದ್ದರೂ ಒಳಗಿನದು ಐದು ವರ್ಷ ಹಳೆಯ ಮಾದರಿ ಆಗಿರಬಹುದು. ಸೆಟ್ಟಿಂಗ್ಸ್ ಒಳಗೆ ಕ್ರೋಮ್‌ಓಎಸ್ ಬಗ್ಗೆ ಇರುವ ಪುಟದಲ್ಲಿ ಆ ತಾರೀಕು ಸಿಗುತ್ತದೆ.

ವಿಂಡೋಸಿಗಾಗಿ ಮಾಡಿದ ತಂತ್ರಾಂಶಗಳು (ಇಎಕ್ಸ್‌ಇ ಫೈಲುಗಳು) ಅದರಲ್ಲಿ ನಡೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಸಂಜೆಮಲ್ಲಿಗೆ
ಟ್ಯಾಬ್ ತೆಗೆದುಕೊಂಡರೆ ಇಷ್ಟು ತಲೆನೋವೇ ಇರುವುದಿಲ್ಲ ಅನ್ನಿಸುತ್ತದೆ.

ಪರದೆಯ ಆಚೆ ಟೀಚರ್
ಪುಟ್ಟ ಮಕ್ಕಳಿಗೆ ಟ್ಯಾಬ್ ಸರಿ. 10 ವರ್ಷದ ಮಗು ಇನ್ನು ಬರೆಯಲು ಶುರು ಮಾಡುತ್ತದೆ. ಒಂದು ಪುಟದ ಪ್ರಬಂಧವನ್ನು ಗಾಜಿನ ಮೇಲೆ ಬೆರಳಿನಲ್ಲಿ ಒತ್ತಿ ಬರೆಯುವುದು ಹಿಂಸೆ. ಒಂದು ಕಡೆ ಟೀಚರ್, ಇನ್ನೊಂದು ಕಡೆ ಪಾಠದ ಪುಟ ಇಟ್ಟುಕೊಳ್ಳಲು ಚಿಕ್ಕ ಪರದೆಯಲ್ಲಿ ಜಾಗವೂ ಸಾಲುವುದಿಲ್ಲ. ಕೀಬೋರ್ಡ್ ಬೇಕು.

ಸಂಜೆಮಲ್ಲಿಗೆ
ಟ್ಯಾಬಿಗೂ ಬ್ಲೂಟೂತ್ ಕೀಬೋರ್ಡ್ ಹಾಕಬಹುದಲ್ಲಾ ಟೀಚರ್.

ಪರದೆಯ ಆಚೆ ಟೀಚರ್
ಹಾಕಬಹುದು. ಆದರೆ ಟ್ಯಾಬ್, ಕೀಬೋರ್ಡ್, ಸ್ಟ್ಯಾಂಡ್ ಮೂರೂ ಸೇರಿಸಿ ಲೆಕ್ಕ ಹಾಕಿ ನೋಡಿ. ಹಳೆಯ ಒಳ್ಳೆಯ ಲ್ಯಾಪ್‌ಟಾಪಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಮನೆಯಲ್ಲೇ ಓದಿದವಳು
ಈ ಚರ್ಚೆ ನೋಡಿ ಬರೆಯದೇ ಇರಲಾಗಲಿಲ್ಲ. ನಾನು ಆರು ವರ್ಷ ಮನೆಯಲ್ಲೇ ಓದಿದೆ. ಈಗ ಕಾಲೇಜಿನಲ್ಲಿದ್ದೇನೆ.

ನೀವೆಲ್ಲ ಪ್ರೊಸೆಸರ್, ರ‍್ಯಾಮ್ ಅಂತ ಹೇಳುತ್ತಿದ್ದೀರಿ. ಸರಿಯೇ. ಆದರೆ ನನಗೆ ಆ ದಿನಗಳಲ್ಲಿ ಅತಿ ಜಾಸ್ತಿ ತೊಂದರೆ ಕೊಟ್ಟದ್ದು ಮೈಕ್. ನನ್ನ ಲ್ಯಾಪ್‌ಟಾಪಿನ ಮೈಕಿನಲ್ಲಿ ಫ್ಯಾನಿನ ಸದ್ದೇ ಜಾಸ್ತಿ ಕೇಳುತ್ತಿತ್ತು. ನಾನು ಮಾತಾಡಿದಾಗಲೆಲ್ಲ ಟೀಚರ್ "ಏನು? ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು" ಅನ್ನುತ್ತಿದ್ದರು. ಇಪ್ಪತ್ತು ಮಕ್ಕಳ ಎದುರಿಗೆ ಒಂದೇ ಮಾತನ್ನು ಮೂರು ಸಲ ಹೇಳುವುದು 11 ವರ್ಷದ ಹುಡುಗಿಗೆ ಎಷ್ಟು ಕಷ್ಟ ಅಂತ ದೊಡ್ಡವರಿಗೆ ಗೊತ್ತಾಗುವುದಿಲ್ಲ. ನಾನು ಕೇಳುವುದನ್ನೇ ಬಿಟ್ಟೆ. ಅನುಮಾನಗಳನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದೆ. ಆ ಪುಟಗಳು ಈಗಲೂ ಇವೆ.

ಒಂದು ದಿನ ನನ್ನ ಮಾವ ಒಂದು ವೈರಿನ ಹೆಡ್‌ಸೆಟ್ ತಂದುಕೊಟ್ಟರು. ಬಾಯಿಯ ಹತ್ತಿರ ಮೈಕ್ ಬರುವಂಥದ್ದು. ಅದೇ ಲ್ಯಾಪ್‌ಟಾಪ್, ಅದೇ ಇಂಟರ್ನೆಟ್. ಮೊದಲ ಸಲವೇ ಟೀಚರಿಗೆ ಕೇಳಿಸಿತು. ಅಂದು ಕ್ಲಾಸ್ ಮುಗಿದ ಮೇಲೂ ನಾನು ಮಾತಾಡುತ್ತಲೇ ಇದ್ದೆ ಅಂತ ಅಮ್ಮ ಈಗಲೂ ನೆನೆಯುತ್ತಾರೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಇರುವ ದುಡ್ಡನ್ನೆಲ್ಲ ಲ್ಯಾಪ್‌ಟಾಪಿಗೇ ಹಾಕಬೇಡಿ. ಹೆಡ್‌ಸೆಟ್ಟಿಗೆ ಸ್ವಲ್ಪ ಉಳಿಸಿಕೊಳ್ಳಿ.

ಮಗಳಮ್ಮ
ತಂಗಿ, ನೀನು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. "ನನಗೂ ಹಾಗೇ ಆಗುತ್ತದೆ" ಅಂದಳು. ಇಷ್ಟು ದಿನ ನನಗೆ ಹೇಳಿಯೇ ಇರಲಿಲ್ಲ. ಹೆಡ್‌ಸೆಟ್ ಖಂಡಿತ ತರುತ್ತೇನೆ.

ಮಳೆಹನಿ
ಹೆಡ್‌ಸೆಟ್ ತರುವಾಗ ಶಬ್ದವನ್ನು 85 ಡೆಸಿಬೆಲ್ಲಿಗೆ ಮಿತಿ ಮಾಡಿರುವ ಮಕ್ಕಳ ಮಾದರಿ ಸಿಗುತ್ತದಾ ನೋಡಿ. ಮಕ್ಕಳು ಗೊತ್ತಾಗದ ಹಾಗೆ ಜೋರು ಮಾಡಿಕೊಂಡಿರುತ್ತಾರೆ. ವೈರಿನದ್ದೇ ಇರಲಿ. ಬ್ಲೂಟೂತಿನದ್ದು ಕ್ಲಾಸ್ ಮಧ್ಯದಲ್ಲಿ ಚಾರ್ಜ್ ಮುಗಿದು ನಿಲ್ಲುತ್ತದೆ.

ಅಂಕಗಣಿತ
ಹೊಸದೇ ಬೇಕು ಅನ್ನುವವರಿಗೆ ಒಂದು ಮಾತು. ಮಗಳಮ್ಮ ನೋಡಿದ ಎನ್4020 ಎರಡೇ ಕೋರಿನದು, 2019ರದ್ದು. 2023ರಲ್ಲಿ ಇಂಟೆಲ್ ಎನ್100 ಬಂತು. ನಾಲ್ಕು ಕೋರ್, ಕರೆಂಟ್ ಬಹಳ ಕಡಿಮೆ ಸಾಕು. ಎನ್100 ಜೊತೆ 8 ಜಿಬಿ ರ‍್ಯಾಮ್ ಇರುವ ಹೊಸ ಲ್ಯಾಪ್‌ಟಾಪ್ ಸಿಕ್ಕರೆ ಈ ವಯಸ್ಸಿನ ಮಗುವಿಗೆ ಅದು ಸಾಲುತ್ತದೆ. ಎರಡೂ "ಅಗ್ಗದ ಇಂಟೆಲ್" ಅಂತ ಒಂದೇ ಕಪಾಟಿನಲ್ಲಿ ಇರುತ್ತವೆ, ಹೊರಗಿನಿಂದ ಗುರುತೇ ಸಿಗುವುದಿಲ್ಲ.

ಎಎಂಡಿಯಲ್ಲೂ ಹೆಸರು ನೋಡಿ ಮೋಸ ಹೋಗಬೇಡಿ. ರೈಜನ್ 5 7520ಯು ಮತ್ತು ರೈಜನ್ 5 7530ಯು ಅಂತ ಎರಡಿವೆ. ಸಂಖ್ಯೆಯಲ್ಲಿ ಹತ್ತರ ವ್ಯತ್ಯಾಸ ಮಾತ್ರ. ಆದರೆ ಮೂರನೇ ಅಂಕಿ ಒಳಗಿನ ವಿನ್ಯಾಸ ಯಾವುದು ಅಂತ ಹೇಳುತ್ತದೆ. 2 ಅಂದರೆ ಜೆನ್ 2, 3 ಅಂದರೆ ಜೆನ್ 3. ಮೊದಲನೆಯದಕ್ಕೆ 4 ಕೋರ್, ಎರಡನೆಯದಕ್ಕೆ 6. ಮೊದಲನೆಯದರ ರ‍್ಯಾಮ್ ಯಾವಾಗಲೂ ಬೆಸುಗೆಯದ್ದೇ. ಹಾಗಂತ 7520ಯು ಕೆಟ್ಟದ್ದಲ್ಲ, ಕ್ಲಾಸಿಗೆ ಸಾಕು. 8 ಜಿಬಿಯದ್ದನ್ನೇ ತೆಗೆದುಕೊಳ್ಳಬೇಕು ಅಷ್ಟೇ, ಆಮೇಲೆ ಜಾಸ್ತಿ ಮಾಡಲಾಗುವುದಿಲ್ಲ.

ಮೂರು ಮಕ್ಕಳ ಅಪ್ಪ
ನೋಡಿ, ಇದನ್ನೇ ನಾನು ಹೇಳಿದ್ದು. ಎನ್100 ಹೊಸದು ಸಿಗುತ್ತಿರುವಾಗ ಹಳೆಯದರ ಸಹವಾಸ ಯಾಕೆ?

ರಿಪೇರಿ ಮೇಜು
ಪರದೆ ಮತ್ತು ಕೀಬೋರ್ಡ್ ಕಾರಣಕ್ಕೆ ಅಣ್ಣ. ಅಗ್ಗದ ಹೊಸದರಲ್ಲಿ ಈಗಲೂ 1366×768 ಪರದೆ ಹಾಕಿ ಕೊಡುತ್ತಾರೆ. ಟಿಎನ್ ಜಾತಿಯದ್ದಾದರೆ ಸ್ವಲ್ಪ ಪಕ್ಕದಿಂದ ನೋಡಿದರೆ ಬಣ್ಣವೇ ತಿರುಗುತ್ತದೆ. ದಿನಕ್ಕೆ 3 ಗಂಟೆ ನೋಡುವ ಮಗುವಿಗೆ ಇನ್ನೂ ಸ್ಪಷ್ಟವಾದ 1920×1080ರ, ಪಕ್ಕದಿಂದಲೂ ಬಣ್ಣ ಸರಿಯಾಗಿ ಕಾಣುವ ಐಪಿಎಸ್ ಪರದೆ ಬೇಕು. ಪ್ಲಾಸ್ಟಿಕ್ ಹಿಂಜ್ ಮುರಿದು ಬರುವುದಂತೂ ವಾರಕ್ಕೊಂದು ಇರುತ್ತದೆ. ಮಕ್ಕಳು ಪರದೆಯ ಮೂಲೆ ಹಿಡಿದು ತೆರೆಯುತ್ತಾರೆ.

ಹೊಸದರಲ್ಲಿ ಇವೆರಡೂ ಚೆನ್ನಾಗಿದ್ದು ದುಡ್ಡಿಗೂ ಹೊಂದಿದರೆ ನನ್ನದೇನೂ ಅಡ್ಡಿಯಿಲ್ಲ.

ಮೂರು ಮಕ್ಕಳ ಅಪ್ಪ
ಹಿಂಜ್ ವಿಷಯ ನಿಜ. ಎರಡನೆಯವಳದ್ದು ಒಂದೂವರೆ ವರ್ಷಕ್ಕೆ ಮುರಿಯಿತು. ವಾರಂಟಿ ಆಗಲೇ ಮುಗಿದಿತ್ತು.

ಕಿಟಕಿ ಪಕ್ಕ
ಇಷ್ಟು ಹೊತ್ತು ಪರದೆ ನೋಡುವುದೇ ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಮನೆಯಲ್ಲಿ ಓದಿಸುವುದೇ ಮಗು ಪುಸ್ತಕ, ಮಣ್ಣು, ಮರ ಅಂತ ಬೆಳೆಯಲಿ ಅಂತ ಅಲ್ವಾ?

ಮಗಳಮ್ಮ
ನಿಮ್ಮ ಮಾತು ಅರ್ಥವಾಗುತ್ತದೆ. ಆದರೆ ನನಗೆ ಗಣಿತ ಹೇಳಿಕೊಡಲು ಬರುವುದಿಲ್ಲ. ಅವಳಿಗೆ ಗಣಿತ ಅಂದರೆ ಪ್ರಾಣ. ಹೇಳಿಕೊಡುವವರು ಪರದೆಯಲ್ಲೇ ಸಿಗುತ್ತಾರೆ. ಉಳಿದ ಹೊತ್ತು ಅವಳು ಹೊರಗೇ ಇರುತ್ತಾಳೆ.

ಕಿಟಕಿ ಪಕ್ಕ
ಹಾಗಿದ್ದರೆ ಸರಿ ತಂಗಿ, ಬೇಜಾರು ಮಾಡಿಕೊಳ್ಳಬೇಡ. 20 ನಿಮಿಷಕ್ಕೊಮ್ಮೆ 20 ಅಡಿ ದೂರ ಇರುವ ಏನನ್ನಾದರೂ 20 ಸೆಕೆಂಡ್ ನೋಡಲು ಹೇಳು. ಕಣ್ಣಿನ ಡಾಕ್ಟರುಗಳು ಹೇಳುವ ಅಭ್ಯಾಸ ಅದು. ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದುಬಿಡು, ತಾನಾಗಿಯೇ ಹೊರಗೆ ನೋಡುತ್ತಾಳೆ. ಕಿಟಕಿ ಬೆನ್ನ ಹಿಂದೆ ಬರಬಾರದು, ಕ್ಯಾಮೆರಾದಲ್ಲಿ ಮುಖ ಕಪ್ಪಾಗಿ ಕಾಣುತ್ತದೆ.

ಇಬ್ಬನಿ
ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಎತ್ತರಿಸಿ. ಕತ್ತು ಬಗ್ಗಿಸುವುದು ತಪ್ಪುತ್ತದೆ. ಟೈಪ್ ಮಾಡುವಾಗ ಕೆಳಗಿಳಿಸಿಕೊಂಡರಾಯಿತು.

ನೀಲಿ ಕೊಡೆ
ಇಂಟರ್ನೆಟ್ ಬಗ್ಗೆಯೂ ಯೋಚಿಸಿ. ಕ್ಲಾಸ್ ನಿಂತು ನಿಂತು ಬಂದಾಗಲೆಲ್ಲ ಲ್ಯಾಪ್‌ಟಾಪನ್ನೇ ದೂರಬೇಡಿ. ನಮ್ಮ ಮನೆಯಲ್ಲಿ ರೌಟರ್ ಒಂದು ಕೋಣೆಯಲ್ಲಿ, ಮಗ ಇನ್ನೊಂದು ಕೋಣೆಯಲ್ಲಿ. ಉದ್ದದ ಲ್ಯಾನ್ ವೈರ್ ಎಳೆದ ಮೇಲೆ ತೊಂದರೆ ನಿಂತಿತು. ಹೊಸ ಯಂತ್ರ ತರುವ ಯೋಚನೆಯಲ್ಲಿದ್ದೆ, ಒಂದು ವೈರಿನಲ್ಲಿ ಮುಗಿಯಿತು.

ಅಂಕಗಣಿತ
ಹೌದು. ಬರೀ ಧ್ವನಿಗೆ ಬಹಳ ಕಡಿಮೆ ವೇಗ ಸಾಕು, 100 ಕೆಬಿಪಿಎಸ್ ಕೂಡ ಬೇಕಾಗುವುದಿಲ್ಲ. ವಿಡಿಯೊ ತಿನ್ನುವುದು ಅದರ ಹಲವು ಪಟ್ಟು. ನೆಟ್ ಕೈಕೊಟ್ಟಾಗ ಕ್ಯಾಮೆರಾ ಆಫ್ ಮಾಡಿದರೆ ಪಾಠ ಕೇಳಿಸುತ್ತಲೇ ಇರುತ್ತದೆ. ಹಿನ್ನೆಲೆ ಮಸುಕು ಮಾಡುವ ಆಯ್ಕೆಯನ್ನೂ ತೆಗೆದುಬಿಡಿ. ಅದು ನೆಟ್ಟಿಗಲ್ಲ, ಪ್ರೊಸೆಸರಿಗೆ ಭಾರ.

ಮಗಳಮ್ಮ
ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಪರಿಚಯದ ಒಬ್ಬರು ಆಫೀಸುಗಳ ಹಳೆಯ ಯಂತ್ರ ಸರಿಮಾಡಿ ಮಾರುತ್ತಾರಂತೆ. ಟಿ480, ಐ5-8350ಯು, 8 ಜಿಬಿ, 256 ಎಸ್‌ಎಸ್‌ಡಿ ಇದೆಯಂತೆ. ಆರು ತಿಂಗಳ ವಾರಂಟಿಯನ್ನು ಬರೆದುಕೊಡುತ್ತಾರಂತೆ. ನಾಳೆ ನನ್ನ ತಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಏನೇನು ನೋಡಬೇಕು?

ರಿಪೇರಿ ಮೇಜು
ರಿಸೆಟ್ ವಿಷಯ ಆಗಲೇ ಹೇಳಿದ್ದೇನೆ, ಅದನ್ನು ಬಿಡಬೇಡಿ. ಪರದೆ ಪೂರ್ತಿ ಹೊಳೆಯುತ್ತದಾ ನೋಡಿ. ಟಿ480ರಲ್ಲಿ ಕಡಿಮೆ ರೆಸಲ್ಯೂಷನ್ನಿನ ಪರದೆಯವೂ ಇವೆ, 1920×1080 ಇದೆಯಾ ಅಂತ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಖಚಿತ ಮಾಡಿಕೊಳ್ಳಿ. ಪ್ರತಿಯೊಂದು ಕೀ ಒತ್ತಿ. ಕ್ಯಾಮೆರಾ ತೆರೆದು 10 ನಿಮಿಷ ಒಂದು ವಿಡಿಯೊ ಕರೆ ಮಾಡಿ, ಬಿಸಿ ಎಷ್ಟಾಗುತ್ತದೆ, ಫ್ಯಾನ್ ಎಷ್ಟು ಕೂಗುತ್ತದೆ ಗೊತ್ತಾಗುತ್ತದೆ.

ಬ್ಯಾಟರಿ ಮುಖ್ಯ. ಕಮಾಂಡ್ ಪ್ರಾಂಪ್ಟಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಆದೇಶ ಇದೆ, ನಿಮ್ಮ ತಮ್ಮನಿಗೆ ಹೇಳಿದರೆ ತೆಗೆಯುತ್ತಾರೆ. ಅದರಲ್ಲಿ ಹೊಸದಿದ್ದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಇರುತ್ತವೆ. ಈಗಿನದು 70 ಭಾಗಕ್ಕಿಂತ ಮೇಲಿದ್ದರೆ ಒಳ್ಳೆಯದು. ಟಿ480ಕ್ಕೆ ಒಳಗೊಂದು, ಹೊರಗೊಂದು ಎರಡು ಬ್ಯಾಟರಿ. ಎರಡನ್ನೂ ನೋಡಿ. ಹೊರಗಿನದು ಸೋತಿದ್ದರೆ ಸುಲಭವಾಗಿ ಬದಲಾಯಿಸಬಹುದು, ಬೆಲೆಯಲ್ಲಿ ಇಳಿಸಿ ಕೇಳಿ.

ಎಸ್‌ಎಸ್‌ಡಿ ಆರೋಗ್ಯಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಇದೆ. ವಿಂಡೋಸ್ ಆಕ್ಟಿವೇಟ್ ಆಗಿದೆಯಾ ಅಂತಲೂ ಸೆಟ್ಟಿಂಗ್ಸಿನಲ್ಲಿ ನೋಡಿ.

ಮೂರು ಮಕ್ಕಳ ಅಪ್ಪ
ಬಿಲ್ ಕೇಳಿ ತಂಗಿ. ಯಂತ್ರದ ಕೆಳಗಿರುವ ಸೀರಿಯಲ್ ನಂಬರ್ ಬಿಲ್ಲಿನಲ್ಲೂ ಬರೆಸಿಕೊಳ್ಳಿ. ವಾರಂಟಿಯನ್ನು ಬಾಯಿ ಮಾತಿನಲ್ಲಿ ಬಿಡಬೇಡಿ.

ಮಗಳಮ್ಮ
ಮೂರು ವಾರ ಆಯಿತು. ಏನಾಯಿತು ಅಂತ ಹೇಳಲು ಬಂದೆ.

ಮೊದಲು ತೋರಿಸಿದ ಯಂತ್ರದ ಪರದೆ 1366ರದ್ದಾಗಿತ್ತು. ತಮ್ಮ ಬೇಡ ಅಂದ. ಎರಡನೆಯದರಲ್ಲಿ ಎಲ್ಲ ಸರಿಯಿತ್ತು. ಒಳಗಿನ ಬ್ಯಾಟರಿ 81 ಭಾಗ, ಹೊರಗಿನದು 52. ಅದಕ್ಕೆ ಬೆಲೆ ಇಳಿಸಿದರು. ರಿಸೆಟ್ ಮಾಡಲು ಅವರೇ ಕುರ್ಚಿ ಹಾಕಿ ಕೂರಿಸಿದರು, ಯಾವ ಕಂಪನಿಯ ಹೆಸರೂ ಬರಲಿಲ್ಲ. ಸೀರಿಯಲ್ ನಂಬರ್ ಹಾಕಿದ ಬಿಲ್ ಕೊಟ್ಟರು. ಉಳಿದ ದುಡ್ಡಿನಲ್ಲಿ ವೈರಿನ ಹೆಡ್‌ಸೆಟ್ ಬಂತು.

ಮಗಳಿಗೆ ಮೊದಲ ದಿನ ಬೇಜಾರಾಗಿತ್ತು. ಬಣ್ಣ ಇಲ್ಲ, ಕಪ್ಪಗಿದೆ, ದಪ್ಪಗಿದೆ ಅಂದಳು. ಮುಚ್ಚಳದ ಮೇಲೆ ಸ್ಟಿಕ್ಕರ್ ಹಚ್ಚಲು ಬಿಟ್ಟೆ. ಈಗ ಕಪ್ಪು ಕಾಣುವುದೇ ಇಲ್ಲ.

ಮೊನ್ನೆ ಗಣಿತದ ಕ್ಲಾಸ್ ನಡೆಯುವಾಗ ನಾನು ಪಕ್ಕದ ಕೋಣೆಯಲ್ಲಿದ್ದೆ. "ಟೀಚರ್, ಇದನ್ನು ಇನ್ನೊಂದು ಥರವೂ ಮಾಡಬಹುದು" ಅಂತ ಅವಳ ಧ್ವನಿ ಕೇಳಿಸಿತು. ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಹತ್ತಿರ ನಿಂತು ಕೇಳಿದೆ. ಪೂರ್ತಿ ಲೆಕ್ಕ ಹೇಳಿ ಮುಗಿಸಿದಳು. ಯಾರೂ "ಕೇಳಿಸಲಿಲ್ಲ" ಅನ್ನಲಿಲ್ಲ.

ಈಗ ಒಂದೇ ತೊಂದರೆ. ಅವಳು ನೋಟ್‌ಬುಕ್ಕಿನಲ್ಲಿ ಮಾಡಿದ ಲೆಕ್ಕವನ್ನು ಟೀಚರಿಗೆ ತೋರಿಸಲು ಪುಸ್ತಕವನ್ನು ಕ್ಯಾಮೆರಾಕ್ಕೆ ಹಿಡಿಯುತ್ತಾಳೆ, ಅಲ್ಲಾಡುತ್ತದೆ, ಏನೂ ಕಾಣುವುದಿಲ್ಲ. ಇದಕ್ಕೆ ಏನು ಮಾಡಬಹುದು?

ಪರದೆಯ ಆಚೆ ಟೀಚರ್
ಓದಿ ಬಹಳ ಖುಷಿಯಾಯಿತು. ನಿಮ್ಮ ಫೋನಿನಿಂದಲೂ ಅದೇ ಕ್ಲಾಸಿಗೆ ಸೇರಿಸಿ. ಫೋನನ್ನು ಎರಡು ಪುಸ್ತಕದ ಅಟ್ಟಿಗಳ ಮೇಲೆ ಸೇತುವೆಯ ಹಾಗೆ ಅಡ್ಡ ಇಟ್ಟು, ಕ್ಯಾಮೆರಾ ಕೆಳಗೆ ಮಾಡಿ, ನೋಟ್‌ಬುಕ್ಕನ್ನು ಅದರ ಕೆಳಗಿಡಿ. ಬರೆಯುವುದೂ ಕಾಣುತ್ತದೆ. ಫೋನಿನ ಮೈಕ್, ಸ್ಪೀಕರ್ ಎರಡನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಪ್ರತಿಧ್ವನಿ ಬರುತ್ತದೆ.

ಮನೆಯಲ್ಲೇ ಓದಿದವಳು
ಫೋನಿಗೆ ಬೇರೆ ಹೆಸರು ಕೊಡಿ ಅಕ್ಕ. ನನ್ನದಕ್ಕೆ ನನ್ನ ಹೆಸರಿನ ಮುಂದೆ "ನೋಟ್‌ಬುಕ್" ಅಂತ ಹಾಕಿಕೊಂಡಿದ್ದೆ. ಟೀಚರಿಗೆ ಯಾವುದನ್ನು ದೊಡ್ಡದು ಮಾಡಿ ನೋಡಬೇಕು ಅಂತ ತಕ್ಷಣ ಗೊತ್ತಾಗುತ್ತಿತ್ತು.

ಮಗಳಮ್ಮ
ಈಗಲೇ ಇಟ್ಟು ನೋಡಿದೆವು. ಚೆನ್ನಾಗಿ ಕಾಣುತ್ತದೆ! ಕ್ಲಾಸ್ ಹೊತ್ತಿನಲ್ಲಿ ಫೋನ್ ಮಾತ್ರ ಮತ್ತೆ ಅವಳ ಪಾಲಾಯಿತು. ಆಗಲಿ, ಕರೆ ಮಾಡುವವರು ಕಾಯುತ್ತಾರೆ.